“ಶಾ-256 ಮುರಿದಾಯ್ತು” ಅನ್ನೋರ ಮಾತು ಎಷ್ಟು ನಂಬಬಹುದು?

ಕರಿಕೋಟು_ಹುಬ್ಬಳ್ಳಿ
ಎಲ್ಲರಿಗೂ ನಮಸ್ಕಾರ. ನಾನು ವಕೀಲ, ಕಂಪ್ಯೂಟರ್ ಓದಿದವನಲ್ಲ. ಒಂದು ಸಿವಿಲ್ ಕೇಸಿನಲ್ಲಿ ಫೋನಿನಲ್ಲಿ ರೆಕಾರ್ಡ್ ಆದ ಮಾತುಕತೆಯನ್ನು ಪೆನ್‌ಡ್ರೈವ್‌ನಲ್ಲಿ ಹಾಜರುಪಡಿಸಿದ್ದೇವೆ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರದಲ್ಲಿ ಶಾ-256 ಹ್ಯಾಶ್ (ಫೈಲಿನ ಬೆರಳಚ್ಚು ಇದ್ದ ಹಾಗೆ, ಅದರಿಂದ ಲೆಕ್ಕ ಹಾಕಿ ತೆಗೆಯೋ ಸಂಖ್ಯೆ) ನಮೂದಿಸಿದ್ದೇವೆ. ಎದುರು ಪಕ್ಷದ ವಕೀಲರು ಯೂಟ್ಯೂಬಿನ ಒಂದು ವಿಡಿಯೊ ಮುಂದಿಟ್ಟು, “ಶಾ-256 ಈಗಾಗಲೇ ಮುರಿದಿದೆ, ಅದೇ ಹ್ಯಾಶ್ ಬರೋ ಹಾಗೆ ಬೇರೆ ಫೈಲ್ ತಯಾರಿಸಬಹುದು, ಈ ದಾಖಲೆಗೆ ಬೆಲೆಯಿಲ್ಲ” ಅಂತ ವಾದ ಮಾಡಿದರು. ವಿಡಿಯೊದಲ್ಲಿರುವವರು ಸ್ವಂತ ಸೂತ್ರ ಕಂಡುಹಿಡಿದಿದ್ದಾರಂತೆ, ದೇಶದ ಭದ್ರತೆ ದೃಷ್ಟಿಯಿಂದ ಬಹಿರಂಗ ಮಾಡೋದಿಲ್ಲವಂತೆ. ಪರದೆ ಮೇಲೆ ಒಂದು ಹ್ಯಾಶ್ ಹಾಕಿ, ಅದರ ಹಿಂದಿನ ಪಾಸ್‌ವರ್ಡ್ ತೆಗೆದು ತೋರಿಸ್ತಾರೆ. ಇದು ನಿಜವೇ? ಇಂಥ ಮಾತನ್ನು ಪರೀಕ್ಷೆ ಮಾಡೋದು ಹೇಗೆ? ನ್ಯಾಯಾಧೀಶರಿಗೆ ತಿಳಿಯೋ ಭಾಷೆಯಲ್ಲಿ ಹೇಳೋಕೆ ಬೇಕು.

ಬಿಟ್‌ಬೈಟ್_ಮೈಸೂರು
ಮುರಿದಿಲ್ಲ ಸರ್. ಬೇರೆ ಬೇರೆ ಎರಡು ಫೈಲ್, ಎರಡಕ್ಕೂ ಒಂದೇ ಶಾ-256. ಇಂಥ ಒಂದೇ ಒಂದು ಜೋಡಿಯನ್ನು ಇವತ್ತಿನವರೆಗೆ ಯಾರೂ ತಂದು ಮುಂದಿಟ್ಟಿಲ್ಲ.

ಮಲೆನಾಡು_ಕೋಡರ್
ವಕೀಲರೇ, ಆ ವಿಡಿಯೊದಲ್ಲಿ ನಡೆದಿದ್ದು ಊಹೆ. ಹ್ಯಾಶ್ ಮುರಿಯೋದಕ್ಕೂ ಅದಕ್ಕೂ ಸಂಬಂಧವಿಲ್ಲ. ಜನ ಸಾಮಾನ್ಯವಾಗಿ ಇಡೋ ಪಾಸ್‌ವರ್ಡ್‌ಗಳ ಕೋಟಿಗಟ್ಟಲೆ ಉದ್ದದ ಪಟ್ಟಿಗಳು ಇಂಟರ್ನೆಟ್ಟಿನಲ್ಲೇ ಸಿಗುತ್ತವೆ. ಒಂದೊಂದನ್ನೂ ಹ್ಯಾಶ್ ಮಾಡಿ ಬರೆದಿಟ್ಟುಕೊಂಡರೆ, ಯಾರಾದರೂ ಹ್ಯಾಶ್ ಕೊಟ್ಟಾಗ ಪಟ್ಟಿಯಲ್ಲಿ ಹುಡುಕಿದರೆ ಸಾಕು. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸುಮಾರು 65 ಲಕ್ಷ ಪಾಸ್‌ವರ್ಡ್‌ಗಳ ಶಾ-1 (ಶಾ-256ಕ್ಕಿಂತ ಹಳೆಯ ವಿಧಾನ) ಹ್ಯಾಶ್‌ಗಳು ಸೋರಿದವು. ಅವಕ್ಕೆ ಸಾಲ್ಟ್ (ಹ್ಯಾಶ್ ಮಾಡೋ ಮುಂಚೆ ಪಾಸ್‌ವರ್ಡ್‌ಗೆ ಸೇರಿಸೋ ಯಾದೃಚ್ಛಿಕ ಅಕ್ಷರಗಳು) ಹಾಕಿರಲಿಲ್ಲ, ಬಹುಪಾಲು ಪಾಸ್‌ವರ್ಡ್‌ಗಳು ಬೇಗನೇ ಹೊರಬಿದ್ದವು. ಅಲ್ಲಿ ಸೋತಿದ್ದು “ಹೆಸರು ಮತ್ತು 123” ಅಂತ ಇಟ್ಟ ಪಾಸ್‌ವರ್ಡ್‌ಗಳು. ಶಾ-1ರ ಗಣಿತವನ್ನು ಅಲ್ಲಿ ಯಾರೂ ಮುಟ್ಟಿರಲಿಲ್ಲ.

ಪರೀಕ್ಷೆ ಬಹಳ ಸುಲಭ. ಕಂಪ್ಯೂಟರಿನಿಂದ 32 ಬೈಟು ಯಾದೃಚ್ಛಿಕ ಡೇಟಾ ಹುಟ್ಟಿಸಿ. ಅದರ ಹ್ಯಾಶ್ ಮಾತ್ರ ಅವರ ಕೈಗೆ ಕೊಡಿ. “ಈ ಹ್ಯಾಶ್ ಬರೋ ಯಾವುದಾದರೂ ಒಂದು ಇನ್‌ಪುಟ್ ಕೊಡಿ, ನನ್ನದೇ ಆಗಬೇಕಿಲ್ಲ” ಅನ್ನಿ. ಪಟ್ಟಿ ಇಟ್ಟುಕೊಂಡವರು ಅಲ್ಲೇ ನಿಲ್ಲುತ್ತಾರೆ.

ಯುವಶಕ್ತಿ_ತುಮಕೂರು
ಎಲ್ಲರೂ ಒಂದೇ ಸಲಕ್ಕೆ ಸುಳ್ಳು ಅಂದುಬಿಟ್ರಲ್ಲ. ಆ ವಿಡಿಯೊ ನಾನೂ ನೋಡಿದ್ದೀನಿ. ಸಣ್ಣ ಊರಿನ ಹುಡುಗ, ದೊಡ್ಡ ಕಾಲೇಜಿನವನಲ್ಲ, ಅದಕ್ಕೇ ಯಾರೂ ಕಿವಿಗೊಡ್ತಿಲ್ಲ. ಇದನ್ನೇ ಅಮೆರಿಕದವರು ಹೇಳಿದ್ರೆ ಒಪ್ಕೊಳ್ತಿದ್ರಿ.

ಬಿಟ್‌ಬೈಟ್_ಮೈಸೂರು
ಒಪ್ಕೊಳ್ತಿರಲಿಲ್ಲ ಗುರು. 2019ರಲ್ಲಿ ಅಮೆರಿಕದ್ದೇ ಒಂದು ಕಂಪನಿ ಶಾ-256 ಮುರಿದಿದ್ದೀವಿ ಅಂತ ಪತ್ರಿಕಾ ಪ್ರಕಟಣೆಯನ್ನೇ ಹೊರಡಿಸ್ತು. ಪುರಾವೆ ಕೊಡಲಿಲ್ಲ. ಈ ವಿಷಯ ಬಲ್ಲವರು ಯಾರೂ ಅದನ್ನ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಧಾರವಾಡ_ಗಣಿತ
ತಮ್ಮಾ ತುಮಕೂರು, ಊರು ಸಣ್ಣದು ಅಂತ ಯಾರೂ ದೂಡಂಗಿಲ್ಲೋ. 2004ರಾಗ ಏನಾತು ಕೇಳು. ಎಂಡಿ5 ಅನ್ನೋ ಹ್ಯಾಶ್ ಆವಾಗ ಎಲ್ಲಾ ಕಡೆ ಬಳಕಿಯೊಳಗಿತ್ತು. ಅದನ್ನ ಮಾಡಿದವರು ಎಂಐಟಿಯ ರಾನ್ ರಿವೆಸ್ಟ್, ಆರ್‌ಎಸ್‌ಎ ಅನ್ನೋ ಹೆಸರಾಂತ ಗೂಢಲಿಪಿ ವಿಧಾನದ ಹೆಸರಿನೊಳಗಿನ ‘ಆರ್’. ಚೀನಾದ ಶಾಂಡಾಂಗ್ ವಿಶ್ವವಿದ್ಯಾಲಯದ ಶಿಯಾವ್‌ಯುನ್ ವಾಂಗ್ ಅನ್ನೋ ಹೆಣ್ಣುಮಗಳು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಾಗ ನಡೆಯೋ ಕ್ರಿಪ್ಟೋ ಸಮ್ಮೇಳನಕ್ಕ ಬಂದ್ರು. ಪಶ್ಚಿಮದ ಮಂದಿಗೆ ಅವರ ಹೆಸರು ಅಷ್ಟಾಗಿ ಗೊತ್ತಿರ್ಲಿಲ್ಲ. ಮಾತಾಡಾಕ ಸಿಕ್ಕಿದ್ದು ಸಂಜಿ ಹೊತ್ತಿನ್ಯಾಗ ಸ್ವಲ್ಪ ಹೊತ್ತು. ಎಂಡಿ5, ಎಂಡಿ4, ಹವಾಲ್-128, ರೈಪ್‌ಎಂಡಿ, ಇಷ್ಟು ಹ್ಯಾಶ್‌ಗೂ ಕೊಲಿಷನ್ ಜೋಡಿ (ಫೈಲ್ ಬ್ಯಾರೆ ಬ್ಯಾರೆ, ಹ್ಯಾಶ್ ಒಂದ) ತಂದು ಇಟ್ಟರು. ವಿಧಾನ ಆವಾಗ ಪೂರ್ತಿ ಬಿಡಿಸಿ ಹೇಳಿರ್ಲಿಲ್ಲ. ಆದ್ರೂ ಇಡೀ ಸಭಾ ಎದ್ದುನಿಂತು ಚಪ್ಪಾಳಿ ಹೊಡೀತು. ಯಾಕಂದ್ರ ಜೋಡಿ ಕಣ್ಣಮುಂದ ಇತ್ತು, ಯಾರ ಬೇಕಾದ್ರೂ ಲೆಕ್ಕಾ ಹಾಕಿ ನೋಡಬಹುದಿತ್ತು.

ಸೂತ್ರ ಗುಟ್ಟಾಗಿರ್ಲಿ, ಬ್ಯಾಡ ಅನ್ನಂಗಿಲ್ಲ. ಜೋಡಿ ಇಡ್ರಿ ಅಷ್ಟ.

ಮಲೆನಾಡು_ಕೋಡರ್
ಧಾರವಾಡದವರ ಮಾತಿಗೆ ಒಂದು ಸೇರಿಸ್ತೀನಿ. ವಾಂಗ್ ತಂಡ ಮೊದಲು ಹಾಕಿದ ಎಂಡಿ5 ಜೋಡಿಯನ್ನು ಜನ ಲೆಕ್ಕ ಹಾಕಿ ನೋಡಿದಾಗ ಹ್ಯಾಶ್ ಹೊಂದಲಿಲ್ಲ. ಎಂಡಿ5 ಶುರುವಾಗುವ ಆರಂಭಿಕ ಮೌಲ್ಯಗಳ ಬೈಟುಗಳನ್ನು ಅವರು ಹಿಂದುಮುಂದಾಗಿ ತೆಗೆದುಕೊಂಡಿದ್ದರು. ಅಂದರೆ ಮುರಿದಿದ್ದು ಎಂಡಿ5ರಂಥದ್ದೇ ಇನ್ನೊಂದನ್ನು. ಇದು ಗೊತ್ತಾದ ಕೂಡಲೇ ಸರಿಯಾದ ಮೌಲ್ಯಗಳಿಗೆ ಹೊಸ ಜೋಡಿ ಹುಡುಕಿ ತಂದರು. ವಿಧಾನದಲ್ಲಿ ಹುರುಳಿಲ್ಲದಿದ್ದರೆ ಅಷ್ಟು ಬೇಗ ಇನ್ನೊಂದು ಸಿಗುತ್ತಿತ್ತೇ?

ಆ ಕಾಲದ ಒಂದು ಪ್ರಸಿದ್ಧ ಜೋಡಿ ಈಗಲೂ ಎಲ್ಲ ಕಡೆ ಸಿಗುತ್ತೆ, ಇಳಿಸಿಕೊಂಡು ನೋಡಿ. ಒಂದೊಂದೂ 128 ಬೈಟು. ಎರಡರ ನಡುವೆ ವ್ಯತ್ಯಾಸ ಬರೀ 6 ಬಿಟ್. ಎರಡರ ಎಂಡಿ5 ಕೂಡ 79054025 ಅಂತಲೇ ಶುರುವಾಗಿ ಕೊನೆವರೆಗೂ ಒಂದೇ ಇರುತ್ತೆ. ಅದೇ ಎರಡು ಫೈಲಿಗೆ ಶಾ-256 ಹಾಕಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಉತ್ತರ ಬರುತ್ತೆ. ವಕೀಲರೇ, ಇದನ್ನೇ ಲ್ಯಾಪ್‌ಟಾಪಿನಲ್ಲಿ ನ್ಯಾಯಾಲಯಕ್ಕೆ ತೋರಿಸಬಹುದು. ಮುರಿದ ಹ್ಯಾಶ್ ಅಂದರೆ ಹೇಗಿರುತ್ತೆ ಅಂತ ಅವರೂ ನೋಡಲಿ.

ಯುವಶಕ್ತಿ_ತುಮಕೂರು
ಆದ್ರೆ ಜೋಡಿ ಬಿಟ್ರೆ ಅದರಿಂದಲೇ ಸೂತ್ರ ಗೊತ್ತಾಗಿಬಿಡುತ್ತೆ ಅಲ್ವಾ? ಬ್ಯಾಂಕುಗಳೆಲ್ಲ ಏನಾಗ್ಬೇಕು?

ಕೋರಮಂಗಲ_ಕ್ರಿಪ್ಟೊ
ಒಂದು ಜೋಡಿಯಿಂದ ಬ್ಯಾಂಕ್ ಬೀಳಲ್ಲ. ಜೋಡಿಯಿಂದ ಸ್ವಲ್ಪ ಸುಳಿವು ಸಿಗಬಹುದು, ಒಪ್ತೀನಿ. ಅದು ಬೇಡ ಅಂದರೆ ಮೇಲೆ ಹೇಳಿದ ಹಾಗೆ ಇನ್ನೊಬ್ಬರು ಕೊಟ್ಟ ಹ್ಯಾಶ್‌ಗೆ ಇನ್‌ಪುಟ್ ಕೊಡಲಿ. ಅದೂ ಆಗಲ್ಲ, ಇದೂ ಆಗಲ್ಲ ಅಂದರೆ ನಾವು ನಂಬೋದು ಯಾವುದನ್ನ? ಅವರ ಮುಖವನ್ನೇ?

ಹಣದ ಆಸೆ ಇದ್ದರೂ ದಾರಿ ಇದೆ. 2013ರಲ್ಲಿ ಪೀಟರ್ ಟಾಡ್ ಅನ್ನುವ ಬಿಟ್‌ಕಾಯಿನ್ ಡೆವಲಪರ್ ಕೆಲವು ಬಹುಮಾನಗಳನ್ನು ಬಿಟ್‌ಕಾಯಿನ್ ಒಳಗೇ ಇಟ್ಟರು. ಕೊಲಿಷನ್ ಜೋಡಿ ಕೊಟ್ಟವರಿಗೆ ಹಣ ತಾನಾಗಿ ಸೇರುತ್ತೆ. ಅರ್ಜಿ, ಪರಿಚಯ, ಡಿಗ್ರಿ ಯಾವುದೂ ಬೇಡ, ಹೆಸರೂ ಹೇಳಬೇಕಿಲ್ಲ. 2017ರ ಫೆಬ್ರುವರಿಯಲ್ಲಿ ಶಾ-1ರ ಮೊದಲ ಜೋಡಿ ಹೊರಬಂದ ಕೂಡಲೇ ಶಾ-1ಕ್ಕೆ ಇಟ್ಟಿದ್ದ ಸುಮಾರು ಎರಡೂವರೆ ಬಿಟ್‌ಕಾಯಿನ್ ಯಾರೋ ಎತ್ತಿಕೊಂಡರು. ಶಾ-256ಗೂ ಅಂಥದ್ದೇ ಬಹುಮಾನ ಇಟ್ಟಿದ್ದರು. ಸಣ್ಣ ಊರಿನ ಹುಡುಗನಿಗೆ ಇದಕ್ಕಿಂತ ನ್ಯಾಯವಾದ ಪರೀಕ್ಷೆ ಎಲ್ಲಿ ಸಿಗುತ್ತೆ?

ಕರಾವಳಿ_ಕಿಟ್ಟಿ
ಬಿಟ್‌ಕಾಯಿನ್ ಮೈನಿಂಗ್ ಮಾಡುವವರು ಹತ್ತು ನಿಮಿಷಕ್ಕೊಮ್ಮೆ ಶಾ-256 ಒಡೀತಾ ಇದ್ದಾರಲ್ಲ ಮಾರಾಯ್ರೇ? ಸಾಲಾಗಿ ಸೊನ್ನೆ ಬರುವ ಹ್ಯಾಶ್ ಹುಡುಕುವುದು ಅಂದರೆ ಅದೇ ಅಲ್ವಾ?

ಕೋರಮಂಗಲ_ಕ್ರಿಪ್ಟೊ
ಅಲ್ಲ. ಅವರಿಗೆ ಬೇಕಾಗಿರೋದು ಹ್ಯಾಶ್‌ನ ಮೊದಲಿನ ಒಂದಷ್ಟು ಬಿಟ್‌ಗಳು ಸೊನ್ನೆ ಆಗೋದು ಮಾತ್ರ. ಉಳಿದ ಬಿಟ್‌ಗಳು ಏನು ಬಂದರೂ ಸರಿ. ಅದಕ್ಕೆ ಜಾಣ ದಾರಿ ಇಲ್ಲ, ಲಕ್ಷಾಂತರ ಯಂತ್ರಗಳು ಹಗಲೂ ರಾತ್ರಿ ಒಂದೊಂದಾಗಿ ಪ್ರಯತ್ನ ಮಾಡ್ತಾನೇ ಇರ್ತವೆ. ಶಾ-256ರಲ್ಲಿ ಯಾರಿಗಾದರೂ ಅಡ್ಡದಾರಿ ಸಿಕ್ಕಿದ್ದರೆ ಇಷ್ಟು ಕರೆಂಟ್ ಯಾಕೆ ಸುಡ್ತಿದ್ದರು? ಎಲ್ಲ ಬ್ಲಾಕುಗಳೂ, ಅವುಗಳ ಬಹುಮಾನವೂ ಒಬ್ಬರ ಕೈಗೇ ಹೋಗ್ತಿದ್ದವು.

ಕರಾವಳಿ_ಕಿಟ್ಟಿ
ಹಾಗಾದರೆ “ಶಾ-256ಕ್ಕೆ ಕೊಲಿಷನ್ ಸಿಕ್ಕಿತು” ಅಂತ 2024ರಲ್ಲಿ ಓಡಾಡಿದ ಸುದ್ದಿ ಎಂತದು? ಅದರಲ್ಲಿ ಚೀನಾದ ಸಂಶೋಧಕರ ಹೆಸರೂ ಇತ್ತು, ನಿಜವಾದ ಪೇಪರೂ ಉಂಟು.

ಧಾರವಾಡ_ಗಣಿತ
ಇದು ಛಲೋ ಪ್ರಶ್ನೆರೀ. ಪೇಪರ್ ಖರೇನ ಐತಿ, ತಲೆಬರಹ ಅರ್ಧಾ. ಶಾ-256 ಒಳಗ ಡೇಟಾ ಕಲಸೋ ಹಂತ, ಅಂದ್ರ ಸುತ್ತು, 64 ಇರ್ತಾವು. ಸಂಶೋಧಕರು ಸುತ್ತು ಕಡಿಮಿ ಮಾಡಿ, ಎಲ್ಲೀತನಕ ಮುರಿಯಾಕ ಆಕ್ಕೈತಿ ಅಂತ ನೋಡ್ತಾರ. 2024ರಾಗ ಖರೇ ಜೋಡಿ ಇಟ್ಟಿದ್ದು 31 ಸುತ್ತಿನ ಶಾ-256ಕ್ಕ. ಸುದ್ದಿ ಬರಿಯೋವ್ರು “31 ಸುತ್ತಿನ” ಅನ್ನೋದನ್ನ ಕೈಬಿಟ್ಟು ಉಳಿದದ್ದು ಅಚ್ಚು ಹಾಕಿದ್ರು. ಆ ಸಂಶೋಧಕರು ತಮ್ಮ ಪೇಪರಿನ ಹೆಸರಿನ್ಯಾಗ 31 ಅಂತ ಬರದಾರ. ಅವರ ತಪ್ಪು ಏನೂ ಇಲ್ಲ.

ಬಿಟ್‌ಬೈಟ್_ಮೈಸೂರು
ಇವತ್ತು 31, ನಾಳೆ 64 ಆಗಲ್ವಾ ಹಾಗಾದ್ರೆ? ಎದುರು ವಕೀಲರು ಇದನ್ನೇ ಕೇಳ್ತಾರೆ.

ಧಾರವಾಡ_ಗಣಿತ
ವೇಗ ನೋಡ್ರಿ. 2008ರಾಗ ನಮ್ಮ ಕೋಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯಿಂದ ಸೋಮಿತ್ರ ಸನಾಢ್ಯ, ಪಲಾಶ್ ಸರ್ಕಾರ್ ಅವರು 24 ಸುತ್ತಿನ ತನಕ ದಾಳಿ ತೋರಿಸಿದ್ರು. 2013ಕ್ಕ ಖರೇ ಜೋಡಿ 28 ಸುತ್ತಿಗೆ ಬಂತು, ಕಾಗದದ ಮ್ಯಾಲೆ 31. ಕಾಗದದ 31 ಕೈಯಾಗ ಹಿಡಿಯೋ ಜೋಡಿ ಆಗಾಕ 2024 ಆತು. ಒಂದೊಂದು ಸುತ್ತು ಹೆಚ್ಚಾದಂಗ ಕಷ್ಟ ಭಾಳ ಜೋರಾಗಿ ಏರತೈತಿ. ನಾಳೆ ಯಾರೂ ಮುರಿಯಂಗಿಲ್ಲ ಅಂತ ನಾ ಬರದು ಕೊಡಂಗಿಲ್ಲ. ಮುರಿಯೋ ಮುಂಚೆ 40, 50 ಸುತ್ತಿನ ಪೇಪರ್‌ಗಳು ಬರ್ತಾವು, ಎಚ್ಚರಾಗಾಕ ಹೊತ್ತು ಸಿಗತೈತಿ ಅಂತ ನನ್ನ ಲೆಕ್ಕಾ.

ಮಲೆನಾಡು_ಕೋಡರ್
ಶಾ-1ರ ಕಥೆಯೂ ಹಾಗೇ ನಡೆದಿದ್ದು. ಜೋಡಿ ಹುಡುಕಲು ಬರೀ ಬಲಪ್ರಯೋಗವಾದರೆ 2ರ 80ನೇ ಘಾತದಷ್ಟು ಲೆಕ್ಕ ಬೇಕು. 2005ರಲ್ಲಿ ವಾಂಗ್, ಯಿನ್, ಯು ಸೇರಿ ಅದನ್ನು 69ನೇ ಘಾತಕ್ಕೆ ಇಳಿಸಿದರು. ಅದೇ ವರ್ಷ ವಾಂಗ್ ಮತ್ತು ಇನ್ನಿಬ್ಬರು ಸೇರಿ 63 ಅಂದರು. ಆ ಸಲ ವಾಂಗ್ ಅವರಿಗೆ ಹೊತ್ತಿಗೆ ಸರಿಯಾಗಿ ಅಮೆರಿಕದ ವೀಸಾ ಸಿಗದೆ, ಅವರ ಫಲಿತಾಂಶವನ್ನು ಗೂಢಲಿಪಿ ತಜ್ಞ ಆದಿ ಶಮೀರ್ ನಿಂತು ಹೇಳಬೇಕಾಯ್ತು. ನಿಜವಾದ ಜೋಡಿ ಬಂದಿದ್ದು 2017ರ ಫೆಬ್ರುವರಿ 23ಕ್ಕೆ, ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆ ಮತ್ತು ಗೂಗಲ್ ಕಡೆಯಿಂದ. ಎರಡು ಪಿಡಿಎಫ್, ಒಂದರ ಹಿನ್ನೆಲೆ ನೀಲಿ, ಇನ್ನೊಂದರದು ಕೆಂಪು, ಶಾ-1 ಎರಡಕ್ಕೂ ಒಂದೇ. ಅದಕ್ಕೆ ಖರ್ಚಾಗಿದ್ದು ಸುಮಾರು 6500 ಸಿಪಿಯು-ವರ್ಷ (ಒಂದೇ ಪ್ರೊಸೆಸರ್ ಅಷ್ಟು ವರ್ಷ ಓಡಿದಷ್ಟು) ಮತ್ತು 110 ಜಿಪಿಯು-ವರ್ಷದ ಲೆಕ್ಕ. ಮೊದಲ ಎಚ್ಚರಿಕೆಯಿಂದ ಜೋಡಿವರೆಗೆ 12 ವರ್ಷ!

ಆ ಎರಡು ಪಿಡಿಎಫ್‌ಗಳನ್ನು ಪರೀಕ್ಷೆಗೆ ಅಂತ ವೆಬ್‌ಕಿಟ್ ಅನ್ನೋ ಬ್ರೌಸರ್ ಪ್ರಾಜೆಕ್ಟಿನ ಸಬ್‌ವರ್ಷನ್ ರೆಪಾಸಿಟರಿಗೆ (ಕೋಡ್ ಕಾಯ್ದಿಡೋ ಭಂಡಾರಕ್ಕೆ) ಸೇರಿಸಿದಾಗ ರೆಪಾಸಿಟರಿಯೇ ಕೆಟ್ಟು ಕೂತಿತು. ಪರಿಣಾಮ ಹಾಗೆ ಕಣ್ಣಿಗೆ ಕಾಣುತ್ತೆ.

ಕೋರಮಂಗಲ_ಕ್ರಿಪ್ಟೊ
ನಡುವೆ 2009 ಇದೆಯಲ್ಲ, ಅದನ್ನು ಬಿಡಬೇಡಿ. ಮೆಕ್‌ಡೊನಾಲ್ಡ್, ಹಾಕ್ಸ್, ಪಿಯೆಪ್‌ಷಿಕ್ ಎಂಬ ಮೂವರು ಶಾ-1 ಅನ್ನು 52ನೇ ಘಾತಕ್ಕೇ ಮುರಿಯಬಹುದು ಅಂತ ಯೂರೋಕ್ರಿಪ್ಟ್ ಸಮ್ಮೇಳನದಲ್ಲಿ ಹೇಳಿದರು. ಎಲ್ಲ ಕಡೆ ಸುದ್ದಿ. ಆಮೇಲೆ ತಮ್ಮ ಅಂದಾಜು ಸರಿಯಿಲ್ಲ ಅಂತ ಅವರಿಗೇ ಗೊತ್ತಾಗಿ ಪೇಪರ್ ಹಿಂದೆ ತೆಗೆದುಕೊಂಡರು. ಇವರು ಕಾಟಾಚಾರದವರಲ್ಲ, ಈ ಕ್ಷೇತ್ರದಲ್ಲಿ ಪಳಗಿದವರು. ಅಂಥವರ ಲೆಕ್ಕವೂ ಜೋಡಿ ಕೈಗೆ ಬರೋವರೆಗೆ ಅಂದಾಜೇ. ಅನುಮಾನ ಪಡೋದು ಅವಮಾನ ಅಂತ ತುಮಕೂರಿನ ಗೆಳೆಯರು ಅಂದುಕೊಂಡಿದ್ದರೆ ಇದನ್ನು ಗಮನಿಸಲಿ.

ಯುವಶಕ್ತಿ_ತುಮಕೂರು
ಸರಿ, ಅದು ವಿದೇಶದ್ದು. ನಮ್ಮವರಿಗೆ ಯಾವಾಗ ಮರ್ಯಾದೆ ಸಿಕ್ಕಿದೆ ಹೇಳಿ.

ಧಾರವಾಡ_ಗಣಿತ
2002ರ ಆಗಸ್ಟ್, ಐಐಟಿ ಕಾನ್ಪುರ. ಮಣೀಂದ್ರ ಅಗ್ರವಾಲ್, ಅವರ ಇಬ್ಬರು ಹುಡುಗರು ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಒಂದು ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲೋ ಅಂತ ಬಹುಪದೀಯ ಸಮಯದೊಳಗ (ಸಂಖ್ಯೆ ಉದ್ದಾದ್ರೂ ಲೆಕ್ಕದ ಹೊತ್ತು ಮಿತಿಮೀರಿ ಏರದಂಗ) ಖಾತ್ರಿಯಾಗಿ ಹೇಳೋ ವಿಧಾನ. ಆ ಇಬ್ಬರು ಹುಡುಗರು ಆವಾಗಿನ್ನೂ ಬಿಟೆಕ್ ಮುಗಿಸಿದ್ರಷ್ಟ. ಪೇಪರ್ ಹೊರಬಿದ್ದ ಕೆಲವೇ ದಿನದಾಗ ಜಗತ್ತಿನ ದೊಡ್ಡ ದೊಡ್ಡ ಗಣಿತಜ್ಞರು ಓದಿ ‘ಸರಿ ಐತಿ’ ಅಂದ್ರು. ಚಿಕ್ಕದು, ಸ್ವಚ್ಛ, ಯಾರ ಬೇಕಾದ್ರೂ ಕುಂತು ಪರೀಕ್ಷಾ ಮಾಡೋಹಂಗ ಬರದಿದ್ರು.

2010ರಾಗ ಎಚ್‌ಪಿ ಪ್ರಯೋಗಾಲಯದ ವಿನಯ್ ದೇವಲಾಲಿಕರ್ ಅವರು ಇನ್ನೂ ಬಿಡಿಸದ ದೊಡ್ಡ ಗಣಿತ ಪ್ರಶ್ನೆಗೆ ‘ಪಿ ಮತ್ತು ಎನ್‌ಪಿ ಬ್ಯಾರೆ ಬ್ಯಾರೆ’ ಅಂತ ಪುರಾವೆ ಬರದು ಕಳಿಸಿದಾಗ್ಲೂ ಅಷ್ಟ ಗಂಭೀರವಾಗಿ ಓದಿದ್ರು. ಆ ಸಲ ದೋಷ ಸಿಕ್ತು. ಎರಡೂ ಕಡೆ ಓದಿದ ರೀತಿ ಒಂದ. ಮರ್ಯಾದಿ ಅಂದ್ರ ಇದ, ಬಿಡಿಸಿ ಓದೋದು. ಓದಾಕ ಏನೂ ಕೊಡದ ಮರ್ಯಾದಿ ಕೇಳಿದ್ರ ಹೆಂಗ?

ಅಡ್ವೊಕೇಟ್_ಮಲ್ಲೇಶ್ವರಂ
ಹುಬ್ಬಳ್ಳಿಯ ವಕೀಲ ಮಿತ್ರರಿಗೆ ಕಾನೂನಿನ ಕಡೆಯಿಂದ ಒಂದು ಮಾತು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 3(2)ರ ವಿವರಣೆ ಓದಿ. ಹ್ಯಾಶ್ ಫಂಕ್ಷನ್ ಅಂದರೇನು ಅಂತ ಅಲ್ಲೇ ಇದೆ. ಹ್ಯಾಶ್‌ನಿಂದ ಮೂಲ ದಾಖಲೆಯನ್ನು ಮರಳಿ ಪಡೆಯುವುದು, ಎರಡು ದಾಖಲೆಗಳಿಗೆ ಒಂದೇ ಹ್ಯಾಶ್ ಬರುವುದು, ಎರಡೂ ಗಣನೆಯಿಂದ ಸಾಧಿಸಲಾಗದ್ದಾಗಿರಬೇಕು ಅನ್ನೋದು ಅದರ ಸಾರ. ಶಾ-256 ಈ ಅಳತೆಗೆ ನಿಲ್ಲುತ್ತೆ. ನಿಲ್ಲೋದಿಲ್ಲ ಅನ್ನೋರು ಅದನ್ನು ತೋರಿಸಬೇಕು. ಒಂದು ಯೂಟ್ಯೂಬ್ ವಿಡಿಯೊ ತಜ್ಞರ ಅಭಿಪ್ರಾಯ ಆಗೋದಿಲ್ಲ. ವಿಡಿಯೊದವರನ್ನೇ ಕಟಕಟೆಗೆ ಕರೆಸಲಿ, ಪಾಟೀಸವಾಲಿನಲ್ಲಿ ಮೇಲಿನವರು ಹೇಳಿದ 32 ಬೈಟಿನ ಪರೀಕ್ಷೆ ಇಡಿ.

ನನಗೆ ಸಿಟ್ಟು ಬರೋದು ಇನ್ನೊಂದಕ್ಕೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನ ಪ್ರಮಾಣಪತ್ರದ ನಮೂನೆಯಲ್ಲಿ ಶಾ-256ರ ಪಕ್ಕದಲ್ಲೇ ಶಾ-1, ಎಂಡಿ5 ಕೂಡ ಆಯ್ಕೆಗೆ ಇವೆ. 2004ರಲ್ಲೇ ಜೋಡಿ ಸಿಕ್ಕ ಎಂಡಿ5 ಅನ್ನು ಹೊಸ ಕಾನೂನಿನಲ್ಲಿ ಯಾಕೆ ಇಡಬೇಕಿತ್ತು?

ಮಲೆನಾಡು_ಕೋಡರ್
ಮೇಡಂ, ನಿಮ್ಮ ಸಿಟ್ಟು ನ್ಯಾಯವೇ. ಆದರೂ ಯಾವ ದಾಳಿ ಅಂತ ಬಿಡಿಸಿ ನೋಡಬೇಕು. ಒಂದು ಕೋಣೆಯಲ್ಲಿ 23 ಜನ ಇದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಆದರೆ ನಿಮ್ಮದೇ ದಿನ ಹುಟ್ಟಿದವರು ಸಿಗೋಕೆ ಅಷ್ಟೇ ಸಾಧ್ಯತೆ ಬೇಕು ಅಂದರೆ 253 ಜನ ಬೇಕು. ಮೊದಲನೆಯದು ಕೊಲಿಷನ್, ಎರಡನೆಯದು ಸೆಕೆಂಡ್ ಪ್ರೀಇಮೇಜ್. 128 ಬಿಟ್, 256 ಬಿಟ್ ಅಂತ ದೊಡ್ಡದಾದ ಹಾಗೆ ಈ ಅಂತರ ಊಹೆಗೆ ನಿಲುಕದಷ್ಟಾಗುತ್ತೆ.

ಎಂಡಿ5ಗೆ ಕೊಲಿಷನ್ ಇವತ್ತು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಸೆಕೆಂಡುಗಳ ಕೆಲಸ. ಆದರೆ ಈಗಾಗಲೇ ಇರುವ ಒಂದು ರೆಕಾರ್ಡಿಂಗ್ ಹಿಡಿದು, ಅದೇ ಎಂಡಿ5 ಬರೋ ಇನ್ನೊಂದನ್ನು ಮಾಡೋಕೆ ಇವತ್ತಿಗೂ ಯಾರಿಗೂ ಆಗಿಲ್ಲ. ಕಾಗದದ ಮೇಲಿನ ಉತ್ತಮ ಪ್ರೀಇಮೇಜ್ ದಾಳಿಗೂ (ಕೊಟ್ಟ ಹ್ಯಾಶ್‌ಗೆ ಇನ್‌ಪುಟ್ ಹುಡುಕೋದಕ್ಕೂ) 123ನೇ ಘಾತಕ್ಕಿಂತ ಮೇಲೆ ಕೆಲಸ ಬೇಕು. ಅಪಾಯ ಇರೋದು, ಫೈಲ್ ಮಾಡಿದವರೇ ಮೊದಲಿಂದ ಎರಡು ಫೈಲ್ ಜೋಡಿಸಿಟ್ಟುಕೊಂಡು ಒಂದನ್ನು ಒಪ್ಪಿಸಿ ಇನ್ನೊಂದನ್ನು ಬಚ್ಚಿಟ್ಟಾಗ. 2007ರಲ್ಲಿ ಸ್ಟೀವನ್ಸ್, ಲೆನ್‌ಸ್ಟ್ರಾ, ಡಿ ವೆಗರ್ ಮೂವರು ಅಮೆರಿಕದ ಮುಂದಿನ ಅಧ್ಯಕ್ಷರು ಯಾರು ಅಂತ ನಮಗೆ ಗೊತ್ತು ಅಂತ ಮೊದಲೇ ಒಂದು ಎಂಡಿ5 ಪ್ರಕಟಿಸಿದರು. ಅದಕ್ಕೆ ಹೊಂದುವ 12 ಪಿಡಿಎಫ್ ಮಾಡಿಟ್ಟುಕೊಂಡಿದ್ದರು, ಒಂದೊಂದರಲ್ಲಿ ಒಂದೊಂದು ಹೆಸರು. ಮಾಡಿದ್ದು ಒಂದು ಪ್ಲೇಸ್ಟೇಷನ್ 3ರಲ್ಲಿ!

ಅಡ್ವೊಕೇಟ್_ಮಲ್ಲೇಶ್ವರಂ
ಅಂದರೆ ಎಂಡಿ5 ಇದ್ದ ಕೇಸಿನಲ್ಲಿ “ಫೈಲ್ ಯಾರು ಸೃಷ್ಟಿಸಿದರು” ಅನ್ನೋದೇ ಮುಖ್ಯ ಪ್ರಶ್ನೆ. ಇದು ನನ್ನ ಬೇರೆ ಒಂದು ಕೇಸಿಗೂ ಬೇಕಾಗುತ್ತೆ. ಧನ್ಯವಾದ.

ಕರಿಕೋಟು_ಹುಬ್ಬಳ್ಳಿ
ನಮ್ಮದರಲ್ಲಿ ಶಾ-256 ಇರೋದರಿಂದ ಆ ತೊಂದರೆ ಇಲ್ಲ, ತಿಳೀತು. ಆದ್ರೆ ಕಕ್ಷಿದಾರರು ಅದೇ ಆಡಿಯೊ ನನಗೆ ವಾಟ್ಸಾಪಿನಲ್ಲೂ ಕಳಿಸಿದ್ದರು. ಅದರ ಹ್ಯಾಶ್ ಬೇರೆ ಬರ್ತಿದೆ!

ಬಿಟ್‌ಬೈಟ್_ಮೈಸೂರು
ಆಡಿಯೊ ಅಥವಾ ವಿಡಿಯೊ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿ ಬೇರೆ ಫೈಲ್ ಮಾಡಬಹುದು, ಹ್ಯಾಶ್ ಬದಲಾಗುತ್ತೆ. ಮೂಲವನ್ನು ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೆ ಆಗಲ್ಲ. ಫೈಲಿನ ಹೆಸರು ಬದಲಾಯಿಸಿದರೆ ಹ್ಯಾಶ್ ಬದಲಾಗಲ್ಲ, ಎಡಿಟರಿನಲ್ಲಿ ತೆರೆದು ಸೇವ್ ಒತ್ತಿದರೆ ಬದಲಾಗಬಹುದು. ಮೂಲ ಫೋನನ್ನು ಯಾರೂ ಮುಟ್ಟದ ಹಾಗೆ ಇಡಿ ಸರ್.

ಕೋರಮಂಗಲ_ಕ್ರಿಪ್ಟೊ
ಎದುರು ವಕೀಲರು ನಿಜವಾಗಿ ಕೇಳಬೇಕಾದ ಪ್ರಶ್ನೆಗಳೂ ಅವೇ. ಹ್ಯಾಶ್ ತೆಗೆದದ್ದು ಯಾವಾಗ, ಯಾರು, ಅದಕ್ಕೂ ಮೊದಲು ಫೋನ್ ಯಾರ ಕೈಯಲ್ಲಿತ್ತು? ಹ್ಯಾಶ್ ತೆಗೆಯೋ ಮುಂಚೆಯೇ ಆಡಿಯೊ ಕತ್ತರಿಸಿದ್ದರೆ ಶಾ-256 ಏನೂ ಹೇಳೋದಿಲ್ಲ. ಅದಕ್ಕೆ ಉತ್ತರ ಸಿದ್ಧ ಇಟ್ಟುಕೊಳ್ಳಿ. ಪ್ರಮಾಣಪತ್ರದ ಭಾಗ ಬಿ ತಜ್ಞರೇ ತುಂಬಬೇಕು, ಅವರನ್ನೂ ಕರೆಸಬಹುದು.

ಕರಾವಳಿ_ಕಿಟ್ಟಿ
ಕ್ವಾಂಟಂ ಕಂಪ್ಯೂಟರ್ ಬಂದರೆ ಇದೆಲ್ಲ ಹೋಯ್ತು ಅಂತಾರಲ್ಲ?

ಧಾರವಾಡ_ಗಣಿತ
ಹೋಗೋದು ಆರ್‌ಎಸ್‌ಎ ಥರದ್ದು. ಹ್ಯಾಶ್‌ಗೆ ಗ್ರೋವರ್ ಅನ್ನೋ ಕ್ವಾಂಟಂ ಹುಡುಕಾಟದ ವಿಧಾನ ಹಚ್ಚಿದ್ರ ಪ್ರೀಇಮೇಜ್ ಕೆಲಸ 256ನೇ ಘಾತದಿಂದ 128ಕ್ಕ ಇಳೀತೈತಿ. ಅಷ್ಟೂ ಬೆಟ್ಟದಷ್ಟ. ಈ ಮಾತು ಇನ್ನೊಂದು ಎಳೀಗೆ ಇಟ್ಕೊಳ್ಳೋಣು.

ಪಿಯು_ಹುಡುಗಿ_ಹಾಸನ
ನಮಸ್ತೆ. ಶಾ-256ರ ಮೊದಲ 32 ಬಿಟ್ ಮಾತ್ರ ತೆಗೆದುಕೊಂಡು ಪೈಥಾನ್‌ನಲ್ಲಿ ಕೊಲಿಷನ್ ಹುಡುಕಿದೆ, ಕಣ್ಣು ಮಿಟುಕಿಸೋದರೊಳಗೆ ಸಿಕ್ತು. 48 ಬಿಟ್‌ಗೆ ಹೋದರೆ ಲ್ಯಾಪ್‌ಟಾಪ್ ಮೆಮೊರಿ ತುಂಬಿ ನಿಂತುಹೋಗುತ್ತೆ. ಏನು ಮಾಡಲಿ?

ಮಲೆನಾಡು_ಕೋಡರ್
ಭೇಷ್, ಈ ಇಡೀ ಎಳೆಯಲ್ಲಿ ಅತ್ಯುತ್ತಮ ಕೆಲಸ ನಿಂದೇ ಪುಟ್ಟಿ! 48 ಬಿಟ್‌ಗೆ ಸುಮಾರು 2 ಕೋಟಿ ಹ್ಯಾಶ್ ಬೇಕು. ಎಲ್ಲವನ್ನೂ ಪೈಥಾನ್ ಡಿಕ್ಷನರಿಯಲ್ಲಿ ಇಟ್ಟರೆ ಮೆಮೊರಿ ತುಂಬೋದು ಸಹಜ. ಯಾವುದನ್ನೂ ಇಟ್ಟುಕೊಳ್ಳಬೇಡ. ಬಂದ ಹ್ಯಾಶ್‌ನ 48 ಬಿಟ್ಟನ್ನೇ ಮತ್ತೆ ಇನ್‌ಪುಟ್ ಆಗಿ ಕೊಡ್ತಾ ಹೋಗು, ಒಂದು ಹಂತದಲ್ಲಿ ಸರಣಿ ಸುತ್ತಿ ಬಂದು ಹಳೇ ಮೌಲ್ಯಕ್ಕೇ ಸೇರುತ್ತೆ. ಫ್ಲಾಯ್ಡ್ ವಿಧಾನ ಅಂತ ಹುಡುಕು. ಒಂದು ಸರಣಿ ಒಂದೊಂದೇ ಹೆಜ್ಜೆ, ಇನ್ನೊಂದು ಎರಡೆರಡು ಹೆಜ್ಜೆ.

ಪಿಯು_ಹುಡುಗಿ_ಹಾಸನ
ಎರಡೂ ಸೇರಿದ ಜಾಗದಲ್ಲಿ ಇನ್‌ಪುಟ್‌ಗಳೂ ಒಂದೇ ಬರ್ತಿದೆಯಲ್ಲ ಅಣ್ಣ? ಬೇರೆ ಬೇರೆ ಇರಬೇಕಲ್ವಾ?

ಮಲೆನಾಡು_ಕೋಡರ್
ಸೇರಿದ ಮೇಲೆ ಒಂದನ್ನು ಶುರುವಿಗೆ ವಾಪಸ್ ತಂದು ನಿಲ್ಲಿಸು. ಇನ್ನೊಂದು ಸೇರಿದ ಜಾಗದಲ್ಲೇ ಇರಲಿ. ಈಗ ಎರಡನ್ನೂ ಒಂದೊಂದೇ ಹೆಜ್ಜೆ ನಡೆಸು, ಪ್ರತಿ ಸಲ ಹಿಂದಿನ ಮೌಲ್ಯ ನೆನಪಿಟ್ಟುಕೋ. ಮತ್ತೆ ಸೇರುವ ಹೆಜ್ಜೆಯ ಹಿಂದಿನ ಎರಡು ಮೌಲ್ಯಗಳೇ ನಿನ್ನ ಜೋಡಿ. ಶುರುವಿನ ಮೌಲ್ಯವೇ ಸುತ್ತಿನ ಒಳಗೆ ಬಿದ್ದಿದ್ದರೆ ಮಾತ್ರ ಜೋಡಿ ಸಿಗಲ್ಲ, ಆಗ ಬೇರೆ ಮೌಲ್ಯದಿಂದ ಶುರು ಮಾಡು. 64 ಬಿಟ್‌ಗೆ ಹೋಗಬೇಕು ಅಂದರೆ ಸಿ ಭಾಷೆಯಲ್ಲಿ ಬರೆದು ರಾತ್ರಿ ಓಡಿಸಿ ಬಿಡು. ಜೋಡಿ ಸಿಕ್ಕರೆ ಇಲ್ಲೇ ಹಾಕು, ನಾವೆಲ್ಲ ಲೆಕ್ಕ ಹಾಕಿ ನೋಡ್ತೀವಿ.